ಕೂಸು ದಾದಾ ಅಂದದ್ದು ಯಾರಿಗೆ

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ಒಂದು ಭಾನುವಾರ ಬೆಳಿಗ್ಗೆ, ತುಮಕೂರಿನ ಉಪ್ಪಾರಹಳ್ಳಿಯ ವಠಾರವೊಂದರಲ್ಲಿ ಸುಧಾಳ ವರ್ಷ ತುಂಬದ ಮಗಳು ಇಂಚರ ಮೊದಲ ಸಲ ಮಾತಾಡಿದಳು. ಅಂಗಳದ ಚಾಪೆಯ ಮೇಲೆ ಕೂತು ಪ್ಲಾಸ್ಟಿಕ್ ಚೊಂಬಿನ ಅಂಚನ್ನು ಕಚ್ಚುತ್ತಿದ್ದವಳು ಅದನ್ನು ಬದಿಗಿಟ್ಟಳು. ಭಾಷಣಕ್ಕೆ ನಿಂತವರ ಹಾಗೆ ಎಲ್ಲರನ್ನೂ ಒಂದು ಸುತ್ತು ನೋಡಿದಳು. ಆಮೇಲೆ ಸ್ಪಷ್ಟವಾಗಿ, "ದಾದಾ" ಅಂದಳು.

ಅಷ್ಟೇ. ಚೊಂಬು ಮತ್ತೆ ಬಾಯಿಗೆ ಹೋಯಿತು.

ಮೊದಲು ಎದ್ದು ನಿಂತವರು ಪಕ್ಕದ ಮನೆಯ ಗುಲಾಮ್ ನಬಿ ಸಾಬರು. ಜೀವಮಾನವೆಲ್ಲ ತಗಡಿನ ಟ್ರಂಕು ಬಡಿದು ಬಡಿದು ಅವರ ಕಿವಿ ಮಂದವಾಗಿತ್ತು. ಸೊಸೆ ರಝಿಯಾ ಊಟಕ್ಕೆ ಕರೆಯಬೇಕಾದರೆ ಹತ್ತಿರ ಹೋಗಿ ಭುಜ ಮುಟ್ಟಬೇಕಿತ್ತು. ಅಂಥ ಕಿವಿಗೂ ಈ ಮಾತು ಕೇಳಿಬಿಟ್ಟಿತ್ತು.

"ಕೇಳಿದ್ರಾ? ಮೇರೆಕು ಬುಲಾಯಿ! ನನ್ನ ಕರೀತು ಕೂಸು!" ಅಂದರು. "ನಮ್ಮಲ್ಲಿ ದಾದಾ ಅಂದ್ರೆ ಅಪ್ಪನ ಅಪ್ಪ. ನಮ್ಮ ಮೊಮ್ಮಗಳು ಝೋಯಾ ದಿನಾ ಕೂಗ್ತಾಳಲ್ಲ, ಅದನ್ನೇ ಕಲ್ತ್ಬಿಟ್ಟೈತೆ."

ಸುಧಾಳ ಗಂಡ ಸಂತೋಷ್ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಬಚ್ಚಲಿನಿಂದ ಓಡಿಬಂದ. "ಇಲ್ಲ ಸಾಬ್ರೇ, ಅದು ಡ್ಯಾಡಿ. ಅವಳಿಗೆ 'ಡಿ' ಇನ್ನೂ ಬರಲ್ಲ, ಅಷ್ಟೇ."

ಮಾಳಿಗೆಯ ಮೇಲೆ ಬಟ್ಟೆ ಹರವುತ್ತಿದ್ದ ವಾರಿಜಾ ಕಟ್ಟೆಯಿಂದ ಬಗ್ಗಿದಳು. ಮಂಗಳೂರಿನವಳು, ಬ್ಯಾಂಕಿನ ವರ್ಗಾವಣೆಯಲ್ಲಿ ಇಲ್ಲಿಗೆ ಬಂದವಳು. "ಅಲ್ಲ ಮಾರಾಯ್ರೇ, ನಮ್ಮ ತುಳುವಿನಲ್ಲಿ ದಾದ ಅಂದ್ರೆ ಎಂತ ಅಂತ. ನೀವೆಲ್ಲ ಅದರ ಮುಖವನ್ನೇ ನೋಡ್ತಾ ಕೂತಿದ್ದೀರಿ. ಎಂತ ನೋಡುವುದು ಅಂತ ಕೇಳಿತು ಮಗು."

ಎಲ್ಲರೂ ನಕ್ಕರು. ನಗದೆ ಇದ್ದವಳು ಒಬ್ಬಳೇ, ಸಂತೋಷನ ತಾಯಿ ಪುಟ್ಟತಾಯಮ್ಮ. ಹಿಂದಿನ ದಿನವಷ್ಟೇ ಗುಬ್ಬಿಯ ಹತ್ತಿರದ ತನ್ನ ಹಳ್ಳಿಯಿಂದ ಬಂದು, ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅಂಟಿದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, "ಏನ್ಲಾ ನಗ್ತೀಯಾ?" ಎಂದು ಮಗನನ್ನು ಕೇಳಿದಳು. "ನಮ್ಮ ಗುಬ್ಬಿ ಸಂತೇಲಿ ದಾದಾ ಅಂದ್ರೆ ಯಾರು ಗೊತ್ತಾ? ಲುಂಗಿ ಎತ್ತಿ ಕಟ್ಕಂಡು, ಸೊಪ್ಪು ಮಾರೋರ ತಾವ ಬಂದು ದಬಾಯಿಸೋನು. ರೌಡಿ! ಹೆಣ್ಕೂಸು ಬಾಯಿ ಬುಟ್ಟು ಮೊದ್ಲು ಅನ್ನೋ ಮಾತಾ ಇದು?"

"ಅದು ಆ ದಾದಾ ಅಲ್ಲ ಅತ್ತೆ," ಎಂದಳು ಸುಧಾ.

"ಆ ದಾದಾ ಅಲ್ದಿದ್ರೆ ಈ ದಾದಾ." ಪುಟ್ಟತಾಯಮ್ಮ ನಬಿ ಸಾಬರ ಕಡೆ ಗದ್ದ ಎತ್ತಿ ತೋರಿಸಿದಳು. "ಹೆಂಗೆ ನೋಡಿದ್ರೂ ಕೂಸಿನ ನಾಲಿಗೆ ಕೆಟ್ಟೈತೆ. ನೀನು ಕೆಲ್ಸಕ್ಕೆ ಹೋಗೋಹಂಗಿದ್ರೆ ಹೋಗು ಕಣವ್ವಾ, ಬ್ಯಾಡ ಅನ್ನಾಕಿಲ್ಲ. ಕೂಸ್ನ ಮಾತ್ರ ನಾನು ಊರಿಗೆ ಕರ್ಕಂಡ್ ಹೋಯ್ತೀನಿ."

ಸುಧಾಳ ಮುಖದ ನಗು ಅಲ್ಲೇ ನಿಂತುಹೋಯಿತು.

ಅವಳು ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವಳು. ಪಂಪ್‌ಸೆಟ್ಟಿನ ಸ್ವಿಚ್ಚುಗಳು ತಯಾರಾಗಿ ಬಂದರೆ ಒಂದೊಂದನ್ನೂ ಒತ್ತಿ ನೋಡುವುದು ಅವಳ ಕೆಲಸ. ಹೆರಿಗೆಗೆ ತವರು ಕುಣಿಗಲ್‌ಗೆ ಹೋದವಳು ಬಂದಮೇಲೂ ರಜೆ ಮುಂದೂಡುತ್ತಲೇ ಬಂದಿದ್ದಳು. ಮಗುವನ್ನು ತನ್ನ ತಾಯಿಯ ಹತ್ತಿರ ಬಿಡೋಣವೆಂದರೆ ಅಲ್ಲಿ ಅಣ್ಣನ ಅವಳಿ ಮಕ್ಕಳು ಆ ತಾಯಿಯ ಸೆರಗನ್ನು ಎರಡೂ ಕಡೆಯಿಂದ ಜಗ್ಗುತ್ತಿದ್ದವು. ಕೊನೆಗೆ ರಝಿಯಾಳೇ, "ನನ್ನ ಹತ್ರ ಬಿಡಿ ಸುಧಾ. ಮಿಷನ್ ಪಕ್ಕದಲ್ಲೇ ಝೋಯಾ ಬೆಳೆದ್ಲು, ಇವಳೂ ಬೆಳೀತಾಳೆ" ಎಂದಿದ್ದಳು. ರಝಿಯಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು.

ಕೆಲಸ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಸುಧಾ ಮಗುವಿನ ಓದಿನ ಮಾತಾಡುತ್ತಿದ್ದಳು. ಅದು ಎಲ್ಲರೂ ತಲೆಯಾಡಿಸುವ ಉತ್ತರ. ಒಳಗಿನ ಉತ್ತರ ಬೇರೆ ಇತ್ತು. ಸ್ವಿಚ್ಚು ಸರಿಯಿದ್ದರೆ ಬೆರಳ ಕೆಳಗೆ 'ಟಕ್' ಎಂದು ಒಂದು ಸಣ್ಣ ಒಪ್ಪಿಗೆ ಬರುತ್ತಿತ್ತು. ಸರಿಯಿಲ್ಲದ್ದು ಕಣ್ಣಿಗೆ ಗೊತ್ತಾಗುವ ಮೊದಲೇ ಬೆರಳಿಗೆ ಗೊತ್ತಾಗುತ್ತಿತ್ತು. ಊಟದ ಹೊತ್ತಿಗೆ ಹೆಂಗಸರೆಲ್ಲ ಒಂದೇ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಅಲ್ಲಿ ಅವಳು ಸುಧಾ. ಸಂತೋಷನ ಹೆಂಡತಿಯೂ ಅಲ್ಲ, ಇಂಚರಳ ಅಮ್ಮನೂ ಅಲ್ಲ. ಇದನ್ನು ಅತ್ತೆಗೆ ಹೇಳುವುದು ಹೇಗೆ? 'ನನಗೆ ಬೇಕು' ಎಂಬ ಮಾತನ್ನು ಆ ಮನೆಯಲ್ಲಿ ಹೆಂಗಸರು ಉಪ್ಪಿನಕಾಯಿಯ ವಿಷಯಕ್ಕೂ ಆಡಿದ್ದು ಅವಳು ಕೇಳಿರಲಿಲ್ಲ.

ಮಾರನೆಯ ದಿನ ಅವಳು ಕಾರ್ಖಾನೆಗೆ ಹೋಗಿ ಸೂಪರ್‌ವೈಸರ್ ಘೋಷ್ ಅವರನ್ನು ಕಂಡಳು. ಅವರು ಬಂಗಾಳದವರು, ಕನ್ನಡವನ್ನು ಕಲ್ಲು ಆರಿಸಿದ ಹಾಗೆ ಆರಿಸಿ ಆರಿಸಿ ಆಡುವವರು. ಮಗು ಏನನ್ನುತ್ತದೆ ಎಂದು ಕೇಳಿದರು. ಹೇಳಿದಳು.

"ಅರೇ! ನಮ್ಮದರಲ್ಲಿ ದಾದಾ ಅಂದರೆ ಅಣ್ಣ," ಎಂದು ಅವರು ಎದೆ ಮುಟ್ಟಿಕೊಂಡರು. "ನಿಮ್ಮ ಬೇಬಿ ನನ್ನನ್ನು ಕರೆದಿದೆ. ಆದರೆ ಸುಧಾ, ಯುಗಾದಿ ಆದ ಸೋಮವಾರ ನೀವು ಬರಬೇಕು. ಬರಲಿಲ್ಲ ಅಂದರೆ ಆ ಸ್ಟೂಲಿನ ಮೇಲೆ ಬೇರೆ ಹುಡುಗಿ ಕೂತುಕೊಳ್ಳುತ್ತೆ. ನಾನು ಏನೂ ಮಾಡಲಿಕ್ಕೆ ಆಗುವುದಿಲ್ಲ."

ಮನೆಗೆ ಬಂದು ಸುಧಾ ಅತ್ತೆಯ ಮುಂದೆ ನಿಂತಳು. ತುಂಬ ಹೊತ್ತಿನ ಮಾತಿನ ಮೇಲೆ ಪುಟ್ಟತಾಯಮ್ಮ ಒಂದು ಒಪ್ಪಂದಕ್ಕೆ ಬಂದಳು. ಯುಗಾದಿ ಕಳೆಯುವುದರೊಳಗೆ ಕೂಸು 'ಅವ್ವ' ಅಂತಲೋ 'ತಾತ' ಅಂತಲೋ ನಮ್ಮದೊಂದು ಮಾತು ಆಡಿದರೆ ಇಲ್ಲೇ ಇರಲಿ. ಆಡದಿದ್ದರೆ ಊರಿಗೆ.

"ಅಲ್ಲೀಗಂಟ ನಾನು ಇಲ್ಲೇ ಇರ್ತೀನಿ," ಅಂದಳು. "ಮಾತು ಹೆಂಗೆ ತಿರುಗ್ಸೋದು ಅಂತ ನಂಗೊತ್ತು."

ಅವಳ ಬಳಿ ಇದ್ದ ಮದ್ದು ಬಜೆಬೇರು. ಮಗುವಿಗೆ ಮಾತು ಚೆನ್ನಾಗಿ ಬರಲೆಂದು ಬಜೆ ತೇದು ನಾಲಿಗೆಗೆ ಮುಟ್ಟಿಸುವುದು ಎಲ್ಲ ಕಡೆಯೂ ಉಂಟು. ಅವಳ ಗಂಡ ಚಿಕ್ಕಬೋರಯ್ಯನ ಮನೆತನದಲ್ಲಿ ಅದಕ್ಕೆ ಇನ್ನೊಂದು ನಂಬಿಕೆ ಸೇರಿಕೊಂಡಿತ್ತು: ಯಾರು ಮುಟ್ಟಿಸುತ್ತಾರೋ ಅವರ ಮಾತೇ ಮಗುವಿಗೆ ಬರುತ್ತದೆ. ಪುಟ್ಟತಾಯಮ್ಮ ಬೆಳಿಗ್ಗೆ ಎಣ್ಣೆ ನೀರು ಆದಕೂಡಲೇ ಸಾಣೆಕಲ್ಲಿನ ಮೇಲೆ ಬಜೆ ತೇದು, ಕೂಸಿನ ಬಾಯಿಗೆ ಬೆರಳಿಟ್ಟು, "ಅನ್ನವ್ವಾ, ಅವ್ವ ಅನ್ನು. ಅ-ವ್ವ" ಎಂದಳು.

ಬಜೆಯ ಕಹಿಯೂ ಖಾರವೂ ನಾಲಿಗೆಗೆ ತಗುಲಿದ ಕೂಡಲೇ ಇಂಚರಳ ಮುಖ ಹಿಂಡಿದ ನಿಂಬೆಹಣ್ಣಿನ ಹಾಗಾಯಿತು. ಮರುದಿನ ಅಜ್ಜಿಯ ಬೆರಳು ಕಂಡದ್ದೇ ತುಟಿ ಮುಚ್ಚಿದಳು. ಆಮೇಲೆ ಅಜ್ಜಿ ಕಂಡರೇ ತುಟಿ ಮುಚ್ಚುತ್ತಿದ್ದಳು. ಹಾಗೆ ಮುಚ್ಚಿದ ಬಾಯಿ ದಿನವೆಲ್ಲ ಮುಚ್ಚಿಯೇ ಇರತೊಡಗಿತು. ಅವ್ವ ಹೋಗಲಿ, ದಾದಾ ಕೂಡ ನಿಂತುಹೋಯಿತು.

"ನೀವು ಅದರ ಬಾಯಿಗೆ ಬೀಗ ಹಾಕಿದಿರಿ ಪುಟ್ಟತಾಯಮ್ನೋರೇ," ಎಂದು ಮಾಳಿಗೆಯಿಂದ ವಾರಿಜಾ ಕೂಗಿದಳು.

ಸಂತೋಷ್ ಹೆದರಿದ. "ಅವ್ವಾ, ಇನ್ನು ಅವಳು ಮಾತೇ ಆಡದಿದ್ರೆ?"

"ನೀನು ಎಲ್ಡು ವರ್ಸ ಆದ್ರೂ ಆಡ್ನಿಲ್ಲ. ಆಮ್ಯಾಕೆ ಆಡಿ ಯಾವ ರಾಜ್ಯ ಗೆದ್ದೆ?" ಎಂದು ಅವಳು ಅವನ ಬಾಯಿ ಮುಚ್ಚಿಸಿದಳು. ಆದರೆ ಅಂದಿನಿಂದ ಬಜೆ ತೇಯುವುದನ್ನು ಬಿಟ್ಟು ಕಾವಲು ಕೂರಲು ಶುರುಮಾಡಿದಳು. ಕೂಸು ಹಗಲೆಲ್ಲ ಇರಬೇಕಾದ ಜಾಗ ಎಂಥದು, ಅಲ್ಲಿ ಯಾವ ಮಾತು ಕಿವಿಗೆ ಬೀಳುತ್ತದೆ ಎಂದು ತಿಳಿಯಬೇಕಿತ್ತು. ಸುಧಾ ಮಗುವನ್ನು ರೂಢಿಗಾಗಿ ರಝಿಯಾಳ ಮನೆಯಲ್ಲಿ ಬಿಡತೊಡಗಿದ್ದಳು. ಪುಟ್ಟತಾಯಮ್ಮನೂ ಹಿಂದೆಯೇ ಹೋದಳು.

ಮೊದಲ ದಿನ ಹೊಸ್ತಿಲ ಆಚೆ, ಮೆಟ್ಟಿಲ ಮೇಲೆ ಕೂತಳು. ಝೋಯಾ ತಂದ ಟೀಯನ್ನು, "ಈಗ ತಾನೆ ಕುಡ್ದೆ ಕಣವ್ವಾ" ಎಂದು ತಳ್ಳಿದಳು. ಬಿಸಿಲು ಮೆಟ್ಟಿಲಿಗೆ ಬಂದದ್ದರಿಂದ ಹೊಸ್ತಿಲಿಗೆ ಸರಿದಳು. ಹೋಗಿಬರುವವರಿಗೆ ಅಡ್ಡವಾಗುತ್ತದೆಂದು ಒಳಗಿನ ಚಾಪೆಗೆ ಬಂದಳು. ಟೀ ಲೋಟ ಪಕ್ಕದಲ್ಲೇ ಇತ್ತು. "ತಣ್ಣಗಾಗೋಯ್ತದೆ, ದಂಡ" ಎಂದು ಯಾರೂ ಕೇಳದಿದ್ದರೂ ಕಾರಣ ಹೇಳಿ ಒಂದು ದಿನ ಕುಡಿದೇಬಿಟ್ಟಳು. ಕುಡಿಯುವಾಗ ಅವಳಿಗೆ ಅನ್ನಿಸಿತು: ತಾನು ಕಾಯಿಸದ ಟೀಯನ್ನು ತಾನು ಕೂತಲ್ಲೇ ಕುಡಿದದ್ದು ಯಾವಾಗ? ಸಂತೋಷನನ್ನು ಹೆತ್ತಾಗ ಇರಬೇಕು. ಅದೂ ಕಷಾಯವಿತ್ತು.

ರಝಿಯಾಳ ಮನೆಯಲ್ಲಿ ಹಗಲು ಬೇರೆ ರೀತಿ ನಡೆಯುತ್ತಿತ್ತು. ಯುಗಾದಿ ಹತ್ತಿರವಾದ್ದರಿಂದ ಬೀದಿಯ ಹೆಂಗಸರೆಲ್ಲ ರವಿಕೆ ಬಟ್ಟೆ ಹಿಡಿದು ಬರುತ್ತಿದ್ದರು. ಬಂದವರು ಅಳತೆ ಕೊಟ್ಟು ಹೋಗುವುದಿಲ್ಲ, ಕೂರುತ್ತಾರೆ. ಯಾರ ಮಗಳನ್ನು ಯಾರು ನೋಡಿಹೋದರು, ಯಾರ ಗಂಡ ಯಾಕೆ ಮಾತುಬಿಟ್ಟಿದ್ದಾನೆ, ಎಲ್ಲವೂ ಮಿಷನ್ನಿನ ಕಟಕಟದ ನಡುವೆ ಬಿಚ್ಚಿಕೊಳ್ಳುತ್ತಿತ್ತು. ಮಾತೆಲ್ಲ ಕನ್ನಡವೇ. ಉರ್ದು ಬೇಕಾಗುತ್ತಿದ್ದುದು ಮಾವನ ಕಿವಿಯಲ್ಲಿ ಕೂಗುವುದಕ್ಕೆ ಮಾತ್ರ. ಕೂಸಿನ ನಾಲಿಗೆ ಕಾಯಲು ಬಂದ ಪುಟ್ಟತಾಯಮ್ಮ ಎರಡನೆಯ ವಾರದ ಹೊತ್ತಿಗೆ, "ಆ ಮೂಲೆ ಮನೆ ಉಮಾಮಹೇಶ್ವರಿ ಇವತ್ತು ಬರ್ನಿಲ್ವಾ? ನೆನ್ನೆ ಅರ್ಧಕ್ಕೆ ನಿಲ್ಸಿ ಹೋದ್ಲು" ಎಂದು ಕೇಳುವ ಮಟ್ಟಕ್ಕೆ ಬಂದಿದ್ದಳು.

ಒಂದು ಮಧ್ಯಾಹ್ನ ಅವಳು ತನ್ನ ಚೀಲದಿಂದ ಒಂದು ಹಸಿರು ಬಟ್ಟೆಯನ್ನೂ ಹಳೆಯ ರವಿಕೆಯೊಂದನ್ನೂ ತೆಗೆದಳು. "ಹಬ್ಬಕ್ಕೆ ನಂಗೂ ಒಂದು ಹೊಲ್ಕೊಡವ್ವಾ. ಅಳತೆ ರವಿಕೆ ತಂದಿವ್ನಿ."

ರಝಿಯಾ ರವಿಕೆಯನ್ನು ಬಿಡಿಸಿ ಹಿಡಿದಳು. ಅದನ್ನು ನೋಡಿದಳು, ಪುಟ್ಟತಾಯಮ್ಮನನ್ನು ನೋಡಿದಳು, ಮತ್ತೆ ರವಿಕೆಯನ್ನು ನೋಡಿದಳು. "ಅಮ್ಮ, ಇದು ನಿಮ್ಮದಾ, ನಿಮ್ಮ ಮೊಮ್ಮಗಳದಾ?"

"ನಂದೇ. ಹೋದ ದೀಪಾವಳಿದು."

"ಇದನ್ನ ಹೊಲಿಯೋಕೆ ಟೈಲರಿಗೆ ಯಾವ ಅಳತೆ ಕೊಟ್ಟಿದ್ರಿ?"

"ಅದಕ್ ಮುಂಚಿನ ರವಿಕೆ."

"ಅದಕ್ಕೆ?"

"ಅದಕ್ ಮುಂಚಿಂದು." ಪುಟ್ಟತಾಯಮ್ಮನಿಗೆ ಇದರಲ್ಲಿ ಕೇಳುವುದೇನಿದೆ ಎಂದು ತಿಳಿಯಲಿಲ್ಲ. "ನಮ್ಮನೇಲಿ ಹೆಂಗಸ್ರು ಟೈಲರ್ ಮುಂದೆ ಹೋಗಿ ನಿಂತ್ಕಳಾಕಿಲ್ಲ. ಅಳತೆ ರವಿಕೇನ ಇವರಪ್ಪನೇ ಸೈಕಲ್ಲಿಗೆ ನೇತಾಕಂಡು ಗುಬ್ಬಿಗೆ ತಗಂಡ್ ಹೋಯ್ತಾರೆ. ತಿಪ್ಪಯ್ಯ ಹೊಲ್ದು ಕೊಡ್ತಾನೆ." ಗಂಡನ ಹೆಸರು ಹೇಳದ ಅವಳಿಗೆ ಚಿಕ್ಕಬೋರಯ್ಯ ಯಾವಾಗಲೂ ಸಂತೋಷನ ಕಡೆಯಿಂದ 'ಇವರಪ್ಪ.'

"ಮೊಟ್ಟಮೊದಲ ರವಿಕೆಗೆ ಅಳತೆ ತಗೊಂಡಿದ್ದು ಯಾವಾಗ?"

ಪುಟ್ಟತಾಯಮ್ಮ ಯೋಚಿಸಿದಳು. "ಮದ್ವೆಗೆ. ನಮ್ಮಪ್ಪನ ಮನೇಲಿ."

ಅಳತೆ ಕೊಡಲು ಬಂದಿದ್ದ ಇಬ್ಬರು ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು. ರಝಿಯಾಳಿಗೆ ನಗು ತಡೆಯಲಾಗಲಿಲ್ಲ. "ಯಾ ಅಲ್ಲಾ! ಹಂಗಾದ್ರೆ ನೀವು ಇನ್ನೂ ಆ ಮದುವೆ ಹುಡುಗಿ ರವಿಕೇನೇ ಹಾಕ್ಕೊಂಡಿದೀರಾ ಅಮ್ಮ! ಅವಳು ಹೋಗಿ ಎಷ್ಟು ಕಾಲ ಆಯ್ತು!"

"ಬಿಗಿ ಮಾತ್ರ ಮಾಡ್ಬ್ಯಾಡ ಕಣವ್ವಾ," ಎಂದಳು ಪುಟ್ಟತಾಯಮ್ಮ. "ನಂಗೆ ಎದೆ ಹಿಡ್ಕಂತದೆ. ಭಾಳಾ ಹಳೇ ಕಾಯ್ಲೆ. ಗುಬ್ಬಿ ಡಾಕ್ಟ್ರು ಗ್ಯಾಸು ಅಂತ ಮಾತ್ರೆ ಕೊಟ್ರು. ಜೀರಿಗೆ ಕಷಾಯ ದಿನಾ ಕುಡೀತೀನಿ. ದೇವರಾಯನದುರ್ಗದ ಬೆಟ್ಟ ಹತ್ತಕ್ಕೋಗಿ ಅರ್ಧದಲ್ಲೇ ಕೂತ್ಬುಟ್ಟೆ, ಉಸ್ರೇ ಬರ್ನಿಲ್ಲ."

ರಝಿಯಾಳ ನಗು ನಿಂತಿತು. ಎದ್ದು ಬಾಗಿಲಿನ ಪರದೆ ಎಳೆದು, ಕೊರಳಿನಿಂದ ಟೇಪು ತೆಗೆದಳು. "ಎದ್ದು ನಿಂತ್ಕೊಳಿ ಅಮ್ಮ. ಕೈ ಎತ್ತಿ."

ಪುಟ್ಟತಾಯಮ್ಮ ಕೈ ಎತ್ತಿದಳು. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು.

"ಇನ್ನೂ."

ಇನ್ನೂ ಎತ್ತಿದಳು. ಕಂಕುಳ ಹೊಲಿಗೆ 'ಪರ್' ಎಂದು ಬಿಟ್ಟುಕೊಂಡಿತು.

"ಹೋಯ್ತಲ್ಲವ್ವಾ!"

"ಹೋಗ್ಲಿ ಬಿಡಿ. ಈಗ ಉಸಿರು ತಗೊಳಿ. ಪೂರ್ತಿ." ರಝಿಯಾ ಟೇಪು ಸುತ್ತಿದಳು. ಕಂಡದ್ದನ್ನು ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದಳು. "ಕತ್ತು ಹೆಂಗೆ ಬೇಕು?"

ಸಾರಿಗೆ ಉಪ್ಪು ಸಾಕೇ ಎಂದು ಪುಟ್ಟತಾಯಮ್ಮ ಎಲ್ಲರನ್ನೂ ಕೇಳಿದ್ದಳು. ಮುದ್ದೆ ಗಟ್ಟಿಯಾಯಿತೇ, ನೀರು ಬಿಸಿಯಾಯಿತೇ, ಹಾಸಿಗೆ ಎಲ್ಲಿ ಹಾಸಲಿ ಎಂದು ಕೇಳಿದ್ದಳು. ಹೆಂಗೆ ಬೇಕು ಎಂದು ತನ್ನನ್ನು ಯಾರಾದರೂ ಕೇಳಿದರೆ ಎಲ್ಲಿಂದ ಉತ್ತರ ತರಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಏನೇನ್ ಐತೆ?" ಎಂದು ಕೊನೆಗೆ ಮೆಲ್ಲಗೆ ಕೇಳಿದಳು.

"ರೌಂಡು ಐತೆ, ಚೌಕ ಐತೆ, ಬೋಟ್ ನೆಕ್ಕು ಐತೆ."

"ಬೋಟು ಅಂದ್ರೆ ದೋಣಿನಾ? ಬ್ಯಾಡ, ಈ ವಯಸ್ನಲ್ಲಿ ಯಾವ ಕೆರೆ ದಾಟ್ಲಿ." ಸಂಜೆಯವರೆಗೂ ಅವಳು ಯೋಚಿಸಿದಳು. ದೀಪ ಹಚ್ಚುವ ಹೊತ್ತಿಗೆ ವಠಾರ ದಾಟಿ ಬಂದು, "ಚೌಕ ಮಾಡು" ಎಂದು ಹೇಳಿ ತಟ್ಟನೆ ಹಿಂದಿರುಗಿದಳು.

ಎರಡು ದಿನ ಬಿಟ್ಟು ಹಸಿರು ರವಿಕೆ ಸಿದ್ಧವಾಯಿತು. ಪರದೆಯ ಹಿಂದೆ ಹೋಗಿ ಹಾಕಿಕೊಂಡ ಪುಟ್ಟತಾಯಮ್ಮ ಬಹಳ ಹೊತ್ತು ಹೊರಗೆ ಬರಲಿಲ್ಲ. ರಝಿಯಾ ಇಣುಕಿದರೆ, ಗೋಡೆಗೆ ಮುಖಮಾಡಿ ನಿಂತು ಉಸಿರು ಎಳೆದು ಬಿಡುತ್ತಿದ್ದಳು. ಎಳೆದು, ಬಿಡುತ್ತಿದ್ದಳು.

"ಹಿಡೀತಾ ಇಲ್ಲ ಕಣವ್ವಾ," ಎಂದಳು. "ಎದೆ ಹಿಡೀತಾನೇ ಇಲ್ಲ."

"ಹೌದಾ ಅಮ್ಮ."

"ಹಂಗಾದ್ರೆ ಅದು ಕಾಯ್ಲೆ ಅಲ್ವಾ? ಅಷ್ಟು ಜೀರಿಗೆ ಕುಡುದ್ನಲ್ಲ?"

ಪುಟ್ಟತಾಯಮ್ಮ ಚಾಪೆಗೆ ಬಂದು ಕೂತಳು. ಸಿಟ್ಟು ಬರಬೇಕಾಗಿತ್ತು, ಆದರೆ ಯಾರ ಮೇಲೆ? ಗಂಡ ಕೊಟ್ಟದ್ದನ್ನು ಒಯ್ದಿದ್ದ, ತಿಪ್ಪಯ್ಯ ಕೊಟ್ಟದ್ದರ ಹಾಗೆ ಹೊಲಿದಿದ್ದ, ತಾನು ಬಂದದ್ದನ್ನು ಹಾಕಿಕೊಂಡಿದ್ದಳು. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ನಡುವೆ ಉಸಿರಾಡುವ ಮನುಷ್ಯಳೊಬ್ಬಳು ಇದ್ದಾಳೆನ್ನುವುದು ಮಾತ್ರ ಯಾರಿಗೂ, ಸ್ವತಃ ಅವಳಿಗೂ, ಹೊಳೆದಿರಲಿಲ್ಲ.

ಅಷ್ಟರಲ್ಲಿ ಮಿಷನ್ನಿನ ಕಾಲು ಹಿಡಿದು ನಿಂತಿದ್ದ ಇಂಚರ, ತಿರುಗುವ ಚಕ್ರವನ್ನು ನೋಡುತ್ತ, ಬಾಯಿ ಅಗಲಿಸಿ, "ಅವ್ವ" ಅಂದಳು. ಮತ್ತೊಮ್ಮೆ, ಯಾರೂ ಕೇಳಲಿಲ್ಲವೇನೋ ಎನ್ನುವ ಹಾಗೆ, "ಅವ್ವ."

ರಝಿಯಾ ಚಕ್ರ ಹಿಡಿದು ನಿಲ್ಲಿಸಿದಳು. "ಅಮ್ಮ! ಅಂದೇಬಿಟ್ಲು! ಝೋಯಾ, ಓಡು, ಸುಧಾನ ಕರಿ..."

"ತಡಿ," ಎಂದಳು ಪುಟ್ಟತಾಯಮ್ಮ. ಅವಳ ಮುಖದಲ್ಲಿ ಸಂತೋಷವಿರಲಿಲ್ಲ. ಕೂಸು ಮಾತಾಡಿದರೆ ಒಪ್ಪಂದ ಮುಗಿಯಿತು. ಒಪ್ಪಂದ ಮುಗಿದರೆ ನಾಳೆ ಬೆಳಿಗ್ಗೆ ಗುಬ್ಬಿ ಬಸ್ಸು. "ಕೆಮ್ತು ಕಣವ್ವಾ ಅದು."

"ಕೆಮ್ಮಾ?"

"ಒಣ ಕೆಮ್ಮು."

ರಝಿಯಾ ಅವಳನ್ನು ದಿಟ್ಟಿಸಿದಳು. ಹಸಿರು ರವಿಕೆಯ ಚೌಕದ ಕತ್ತಿನ ಮೇಲೆ ಆ ಮುಖ, ಕದ್ದ ಬೆಲ್ಲವನ್ನು ಕೆನ್ನೆಯಲ್ಲಿಟ್ಟುಕೊಂಡ ಹುಡುಗಿಯ ಮುಖದ ಹಾಗಿತ್ತು. ರಝಿಯಾಳಿಗೆ ಅರ್ಥವಾಯಿತು. "ಹೌದು," ಎಂದು ನಿಧಾನವಾಗಿ ಹೇಳಿದಳು. "ಕೆಮ್ಮಿರಬೇಕು."

ಆದರೆ ಈ ಕೆಮ್ಮಿನಿಂದ ಸುಧಾ ಸೊರಗತೊಡಗಿದಳು. ಸಂಜೆ ಬಂದು, "ಏನಾದ್ರೂ ಅಂದ್ಲಾ?" ಎಂದು ಕೇಳುವಾಗ ಅವಳ ಮುಖ ನೋಡಲು ರಝಿಯಾಳಿಗೆ ಆಗುತ್ತಿರಲಿಲ್ಲ. ಯುಗಾದಿಯ ದಿನ ಬೇವುಬೆಲ್ಲ ತಿನ್ನುವಾಗಲೂ ಸುಧಾ ಮಗಳ ತುಟಿಯನ್ನೇ ನೋಡುತ್ತಿದ್ದಳು. ಅಂದು ಸಂಜೆ ರಝಿಯಾ ಪುಟ್ಟತಾಯಮ್ಮನನ್ನು ಪಕ್ಕಕ್ಕೆ ಕರೆದಳು. "ಅಮ್ಮ, ಸಾಕು. ಆ ಹುಡುಗಿ ಅರ್ಧ ಆಗೋದ್ಲು. ನೀವು ಹೇಳ್ತೀರೋ, ನಾನು ಹೇಳ್ಲೋ?"

"ಹೇಳ್ತೀನಿ ತಡಿಯವ್ವಾ. ನಾಳಿಕ್ಕೆ."

ನಾಳೆ ನಾಡಿದ್ದಾಯಿತು. ಶನಿವಾರ ಚಿಕ್ಕಬೋರಯ್ಯನೇ ಬಂದಿಳಿದ.

ಎತ್ತರದ, ಮಾತು ಕಡಿಮೆಯ ಆಳು. ತೆಂಗಿನಕಾಯಿಯ ಮೂಟೆಯನ್ನು ಜಗಲಿಗೆ ಇಳಿಸಿ, ಸುಟ್ಟ ಹೆಬ್ಬೆರಳನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಕೂತ. ಹೆಂಡತಿ ಇಲ್ಲದಾಗ ಮುದ್ದೆ ತಿರುವಲು ಹೋಗಿ ಆದ ಗಾಯ ಅದು. "ಹಬ್ಬ ಆಯ್ತು," ಎಂದ. "ಕೂಸು ಏನಾದ್ರೂ ಅಂತಾ?"

ವಠಾರವೆಲ್ಲ ಅಂಗಳಕ್ಕೆ ಬಂದಿತ್ತು. ನಬಿ ಸಾಬರು ಕಿವಿಗೆ ಕೈ ಅಡ್ಡವಿಟ್ಟುಕೊಂಡಿದ್ದರು. ವಾರಿಜಾ ಕಟ್ಟೆಯ ಮೇಲೆ ಬಗ್ಗಿದ್ದಳು. ಸಂತೋಷ್ ಮಗಳನ್ನು ತಾತನ ಮುಂದೆ ಬಿಟ್ಟು, "ಇಂಚರಾ, ತಾತ ಅನ್ನು, ಬಂಗಾರೀ" ಎಂದ. ಇಂಚರ ತಾತನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕಾಲಿನ ಕಡೆ ಹೋಗಿ, ಅವನ ಚಪ್ಪಲಿಯ ಬಾರನ್ನು ಬಾಯಿಗೆ ಹಾಕಿಕೊಂಡಳು.

"ಸರಿ," ಎಂದ ಚಿಕ್ಕಬೋರಯ್ಯ. "ಕೂಸಿನ ಬಟ್ಟೆ ಕಟ್ಟು. ಇಬ್ರೂ ಹೊರಡಿ."

ಯಾರೂ ಅಲುಗಲಿಲ್ಲ. ಸುಧಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದಳು. "ಇಲ್ಲ ಮಾವ," ಎಂದಳು. ದನಿ ನಡುಗಿತು, ಆದರೆ ಹೊರಗೆ ಬಂತು. "ಮಗೂನ ಕಳಿಸಲ್ಲ. ಸೋಮವಾರ ಕೆಲಸಕ್ಕೂ ಹೋಗ್ತೀನಿ. ಇವಳ ಓದಿಗೆ ಅಂತ ಹೇಳ್ತಿದ್ದೆನಲ್ಲ, ಅದು ಪೂರ್ತಿ ನಿಜ ಅಲ್ಲ. ನನಗೇ ಬೇಕು. ಅಲ್ಲಿ ಕೂತ್ಕೊಂಡು ಆ ಕೆಲಸ ಮಾಡೋದು ನನಗೆ ಬೇಕು."

ಚಿಕ್ಕಬೋರಯ್ಯ ಸೊಸೆಯನ್ನು ನೋಡಲಿಲ್ಲ. ಹೆಂಡತಿಯನ್ನು ನೋಡಿದ, ಹೆಣ್ಣುಮಕ್ಕಳ ಮಾತಿಗೆ ಉತ್ತರ ಕೊಡುವುದು ಅವಳ ಖಾತೆ.

ಪುಟ್ಟತಾಯಮ್ಮ ಉಸಿರು ಎಳೆದುಕೊಂಡಳು. ತುಂಬ ಉದ್ದಕ್ಕೆ.

"ಕೂಸು ಅವ್ವ ಅಂದಾಯ್ತು," ಎಂದಳು. "ನಾನೇ ಕೇಳಿವ್ನಿ. ರಝಿಯಾನೂ ಕೇಳವ್ಳೆ."

"ಯಾವಾಗ?" ಎಂದು ಸುಧಾ ಕಿರುಚಿದಳು.

"ಹಬ್ಬಕ್ ಮುಂಚೆ. ಕೆಮ್ಮು ಅನ್ಕಂಡಿದ್ದೆ. ಆಮ್ಯಾಕೆ ಯೋಚ್ನೆ ಮಾಡ್ದೆ, ಕೆಮ್ಮಲ್ಲ."

"ಯಾರಿಗೆ ಅಂದ್ಲು ಅತ್ತೆ? ನನ್ನ ಹುಡುಕ್ತಿದ್ಲಾ?"

ಪುಟ್ಟತಾಯಮ್ಮ ರಝಿಯಾಳನ್ನು ನೋಡಿದಳು. ರಝಿಯಾ ಆಕಾಶ ನೋಡಿದಳು. "ಹೊಲ್ಗೆ ಮಿಷನ್ನಿಗೆ," ಎಂದಳು ಪುಟ್ಟತಾಯಮ್ಮ.

ಸುಧಾಳಿಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಸ್ವಲ್ಪ ಸ್ವಲ್ಪ ಆಯಿತು. ಹೊತ್ತು ಹೆತ್ತು, ರಾತ್ರಿಗಳನ್ನೆಲ್ಲ ಎದ್ದು ಕಳೆದದ್ದಕ್ಕೆ, ಆ ಪದ ಹೋಗಿ ಒಂದು ಕಬ್ಬಿಣದ ಚಕ್ರಕ್ಕೆ ಸಿಕ್ಕಿತ್ತು. ಹೋಗಲಿ, ಮಿಷನ್ನು ಅದನ್ನು ಇಟ್ಟುಕೊಳ್ಳುವುದಿಲ್ಲವಷ್ಟೆ.

"ಹಂಗಾದ್ರೆ ಕೂಸು ಇಲ್ಲೇ ಇರ್ಲಿ," ಎಂದು ಚಿಕ್ಕಬೋರಯ್ಯ ಎದ್ದ. ಅವನಿಗೆ ಈ ತೀರ್ಪು ಬೇಜಾರೇನೂ ಆದಂತೆ ಕಾಣಲಿಲ್ಲ. "ನೀನು ಹೊರಡು. ಬಸ್ಸೈತೆ."

"ನಾನು ಬರಾಕಿಲ್ಲ."

"ಯಾಕೆ?"

"ಒಂದು ಮಾತು ಬಂತು. ಮಿಕ್ಕಿದ ಮಾತು ಬರಬ್ಯಾಡ್ವಾ? ಯಾರು ನೋಡ್ಕಳೋರು?"

"ನಂಗೆ ಮುದ್ದೆ ಯಾರು ತಿರ್ವೋರು?"

"ಹಿಟ್ಟೈತೆ, ಕೋಲೈತೆ," ಎಂದಳು ಪುಟ್ಟತಾಯಮ್ಮ. "ಬೆರಳು ದೂರ ಇಟ್ಕಳಿ. ಸುಡಾಕಿಲ್ಲ."

ಮಾಳಿಗೆಯ ಮೇಲೆ ವಾರಿಜಾ ಕೆಮ್ಮಿದಳು. ಅದು ಖಂಡಿತ ಕೆಮ್ಮಲ್ಲ. ಚಿಕ್ಕಬೋರಯ್ಯ ಇಷ್ಟು ಜನರೆದುರು ಹೆಂಡತಿಯಿಂದ ಇಷ್ಟು ಮಾತು ಕೇಳಿದ್ದು ಮೊದಲು. ಅವಳನ್ನು ಒಂದು ಗಳಿಗೆ ನೋಡಿದ. ಏನೋ ಬದಲಾಗಿದೆ ಎನ್ನಿಸಿತೇ ಹೊರತು ಏನೆಂದು ಹಿಡಿಯಲಾಗಲಿಲ್ಲ. "ಪೂರ್ತಿ ಇಲ್ಲೇ ಇದ್ಬುಡ್ತೀಯಾ?" ಎಂದು ಕೇಳಿದ. ದನಿಯಲ್ಲಿ ಜೋರಿಗಿಂತ ಹೆದರಿಕೆ ಹೆಚ್ಚಿತ್ತು.

ಅದನ್ನು ಕೇಳಿ ಪುಟ್ಟತಾಯಮ್ಮ ಮೆತ್ತಗಾದಳು. "ಬರೋ ವಾರದಿಂದ ಶನಿವಾರ ಶನಿವಾರ ಬತ್ತೀನಿ. ಸೋಮಾರ ಮೊದ್ಲ ಬಸ್ಸಿಗೆ ವಾಪಸ್ ಬಂದ್ಬುಡ್ಬೇಕು. ಅವಳಿಗೆ ಕೆಲಸಕ್ಕೆ ಹೊತ್ತಾಯ್ತದೆ." ಸ್ವಲ್ಪ ತಡೆದು, ಕಚೇರಿಗೆ ಹೋಗುವವರ ಗತ್ತಿನಲ್ಲಿ ಸೇರಿಸಿದಳು: "ನಂಗೂ."

ಸೋಮವಾರ ಸುಧಾ ಹೊರಟಾಗ ಇಂಚರ ತಲೆಯೆತ್ತಿಯೂ ನೋಡಲಿಲ್ಲ. ರಝಿಯಾಳ ಮಿಷನ್ನಿನ ಕೆಳಗೆ ಅವಳಿಗೆ ಗಾಲಿಯಂತೆ ಉರುಳುವ ದಾರದ ಖಾಲಿ ರೀಲೊಂದು ಸಿಕ್ಕಿತ್ತು. ಒಂದು ಸಲವಾದರೂ ಅತ್ತಿದ್ದರೆ ಎಂದು ಸುಧಾಳಿಗೆ ಅನ್ನಿಸಿತು, ಅತ್ತಿದ್ದರೆ ಹೋಗಲಾಗುತ್ತಿರಲಿಲ್ಲ ಎಂದೂ ಅನ್ನಿಸಿತು. ಬಸ್ಸು ಹತ್ತಿದಳು.

ಸಂಜೆ ಬಂದಾಗ ಬೆರಳುಗಳು ನೋಯುತ್ತಿದ್ದವು. ಅಭ್ಯಾಸ ತಪ್ಪಿತ್ತು. ಚಪ್ಪಲಿ ಕಳಚಿ ಜಗಲಿಯ ಮೇಲೆ ಅತ್ತೆಯ ಪಕ್ಕದಲ್ಲಿ ಕುಸಿದಳು. ಕೂಸು ಇಬ್ಬರ ನಡುವೆ ಮಲಗಿತ್ತು.

"ಅಲ್ಲಿ ಏನ್ ಕೆಲ್ಸ ಮಾಡ್ತೀಯಾ ನೀನು?" ಎಂದಳು ಪುಟ್ಟತಾಯಮ್ಮ. ಸುಧಾ ಮದುವೆಯಾಗಿ ಬಂದಮೇಲೆ ಅವಳು ಇದನ್ನು ಕೇಳಿದ್ದು ಇದೇ ಮೊದಲು.

"ಸ್ವಿಚ್ ಒತ್ತಿ ನೋಡೋದು ಅತ್ತೆ."

"ದಿನಾ ಪೂರ್ತಿಯಾ? ದೀಪ ಹತ್ತುತ್ತಾ?"

"ದೀಪ ಇರಲ್ಲ. ಬರೀ ಸ್ವಿಚ್ಚು."

ಪುಟ್ಟತಾಯಮ್ಮ ಅದನ್ನು ಗಂಭೀರವಾಗಿ ಯೋಚಿಸಿದಳು. "ಕೂತ್ಕಂಡಾ, ನಿಂತ್ಕಂಡಾ?"

"ಕೂತ್ಕೊಂಡೇ."

"ನಾನೂ ಇವತ್ತು ಕೂತೇ ಇದ್ದೆ. ಕೂತೂ ಕೂತೂ ಸೊಂಟ ಹಿಡ್ಕಂತು," ಎಂದು ಪುಟ್ಟತಾಯಮ್ಮ ಪರಮ ತೃಪ್ತಿಯಿಂದ ನರಳಿದಳು.

ಗೇಟು ಕಿರುಗುಟ್ಟಿತು. ಸಂತೋಷ್ ಒಳಗೆ ಬಂದು, ಅಡುಗೆಮನೆಯ ಕಡೆ ಮೂಗು ಎತ್ತಿ, ಯಾವ ವಾಸನೆಯೂ ಸಿಗದೆ ನಿಂತ. "ಅಡುಗೆ?" ಎಂದ.

ಕೆಲಸ ಮುಗಿಸಿ ದಣಿದಿದ್ದ ಇಬ್ಬರು ಹೆಂಗಸರೂ ಅವನನ್ನು ನೋಡಿದರು. ಅವರ ನೋಟ ಅವನ ಮೇಲಿಂದ ಸರಿಯಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ಅಂಗಿಯ ತೋಳು ಮಡಚುತ್ತ ಒಳಗೆ ಹೋದ. ಒಳಗಿನಿಂದ, "ರಾಗಿ ಹಿಟ್ಟಿನ ಡಬ್ಬ ಎಲ್ಲಿದೆ?" ಎಂದು ಕೂಗಿದ.

"ಒಲೆ ಪಕ್ಕ," ಎಂದಳು ಸುಧಾ.

"ಅಟ್ಟದ ಮ್ಯಾಲೆ," ಎಂದಳು ಪುಟ್ಟತಾಯಮ್ಮ, ಅದೇ ಗಳಿಗೆಯಲ್ಲಿ.